ಹಗಲು ಪಾಳಿ

ಮೂವತ್ತನೆಯ ಮೆಟ್ಟಿಲಲ್ಲಿ ಅರಣ್ಯ ಸಮಿತಿಯ ಅಧ್ಯಕ್ಷರು ಏಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿಬಿಟ್ಟರು. ಬೆಂಕಿ ಕಾಯುವ ಆ ಗೋಪುರವಾದರೂ ಎಂಥದ್ದು! ಮೋಡಗಳು ಅದರ ಸೊಂಟಕ್ಕೆ ಡಿಕ್ಕಿ ಹೊಡೆದು, ತಪ್ಪಾಯಿತು ಎಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಹದ್ದುಗಳು ನಡುವೆ ಎರಡು ಸಲ ದಣಿವಾರಿಸಿಕೊಂಡು ತುದಿ ಮುಟ್ಟುತ್ತಿದ್ದವು.

"ಇವತ್ತೊಂದು ದಿನ ನಾನೇ ಕೂರ್ತೀನಿ" ಎಂದು ಎದೆ ತಟ್ಟಿಕೊಂಡು ಹೊರಟವರನ್ನು ಜೇನು ಕೀಳುವವನು ಹಗ್ಗ ಕಟ್ಟಿ ಇಳಿಸಿದ.

"ಇಷ್ಟು ಭಾರದ ಗೂಡು ನಾನು ಯಾವತ್ತೂ ಇಳಿಸಿಲ್ಲಪ್ಪ!"

ಗೋಪುರದ ಬುಡದಲ್ಲೇ ಇದ್ದ ಸಾವಿನ ಮನೆಯ ಅಂಗಳದಲ್ಲಿ ನಗು ಬಂದವರೆಲ್ಲ ಕೆಮ್ಮಿದರು. ಒಳಗೆ ಗೋಪುರದ ಕಾವಲುಗಾರ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

"ನೀನೇ ಹತ್ತೋ ಮಾರಾಯ" ಎಂದಳು ಸತ್ತವನ ತಂಗಿ, ಜೇನಿನವನಿಗೆ. "ಅತ್ತಿಗೆ ಮಣ್ಣಿಗೆ ಬರಲಿ."

"ನಾನು ನಿದ್ದೆಗಣ್ಣಲ್ಲೇ ಹತ್ತಿಳೀತೀನಿ ತಾಯಿ. ಆದ್ರೆ ನಿಧಿಯವರ ಕಾಗದದಲ್ಲಿರೋದು ಮೂರೇ ಹೆಸರು. ಅಣ್ಣ, ನಿಮ್ಮತ್ತಿಗೆ, ಅಧ್ಯಕ್ಷರು. ವೈರ್‌ಲೆಸ್‌ನಲ್ಲಿ ಬೇರೆ ಗಂಟಲು ಕೇಳಿದ್ರೆ ಗೋಪುರ ಖಾಲಿ ಅಂತಲೇ ಲೆಕ್ಕ."

ಅಧ್ಯಕ್ಷರು ನೆಲ ನೋಡಿದರು. ತರಬೇತಿಯ ದಿನ ಅವರು ಏಣಿಯ ಬುಡದಲ್ಲೇ ನಿಂತು ಸಹಿ ಹಾಕಿದ್ದರು.

ಕಾಡು ಕಡಿಯದೆ, ಸುಡದೆ ನಿಂತಿದ್ದರೆ ಎಲ್ಲೋ ದೂರದ ನಿಧಿಯವರು ವರ್ಷವರ್ಷ ಹಣ ಕಳಿಸುತ್ತಿದ್ದರು. ನಲವತ್ತು ಮನೆಗಳಿಗೆ ಜೇನು, ಗೆಡ್ಡೆ, ಸೌದೆ ತರುವ ಹಕ್ಕೂ ಅದೇ ಒಪ್ಪಂದದಲ್ಲಿತ್ತು. ಹೋದ ಬೇಸಿಗೆಯಲ್ಲಿ ಒಂದೇ ಒಂದು ಮಧ್ಯಾಹ್ನ ಗೋಪುರ ಖಾಲಿಯಿತ್ತು. ಒಂದು ಕಣಿವೆ ಬೂದಿಯಾಯಿತು. ಇನ್ನೊಮ್ಮೆ ಹಾಗಾದರೆ ಒಪ್ಪಂದವೇ ಇಲ್ಲ ಎಂದು ಕಾಗದ ಬಂದಿತ್ತು.

"ನಿಧಿಯವರ ಬದಲಿ ಆಳು ಯಾವತ್ತು ಬರ್ತಾನೆ?" ಎಂದು ತಂಗಿ ಜೇನಿನವನನ್ನೇ ಕೇಳಿದಳು.

"ನಾಡಿದ್ದು. ಈ ಸೆಕೇಲಿ ಅಣ್ಣನ್ನ ಅಲ್ಲೀವರೆಗೆ ಇಡೋಕಾಗುತ್ತಾ?"

ಎದುರು ಗುಡ್ಡದ ಗೋಪುರದವನು ನಿನ್ನೆ ರಾತ್ರಿಯಿಂದ ಇವತ್ತು ಒಂಬತ್ತರವರೆಗೆ ಈ ಕಡೆಯನ್ನೂ ನೋಡಿಕೊಳ್ಳುತ್ತೇನೆ ಎಂದಿದ್ದ. ಬಿಸಿಲೇರಿದರೆ ಅವನಿಗೆ ಇತ್ತಲಿನದೆಲ್ಲ ಮಸುಕು. ಈಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು.

ಹೆಂಡತಿ ಗಂಡನ ಹಣೆ ಸವರಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕಲ್ಲಾ ನೀನು?" ನಾದಿನಿ ಕೈ ಹಿಡಿದು ಜಗ್ಗಿದಳು. "ಕಟ್ಟಿಕೊಂಡವನನ್ನ ಕಳಿಸೋಕೂ ಬರಲ್ವಾ?"

"ಹೋದ ಬೇಸಿಗೆ ನಿನ್ನ ಮಗಳ ಮದುವೆಗೆ ಅಂತ ಇಬ್ಬರೂ ಜೊತೆಗೆ ಇಳಿದ್ವಲ್ಲಮ್ಮ, ಸಾಕು."

ನಾದಿನಿ ಕೈ ಬಿಟ್ಟಳು.

*

ಹತ್ತೊಂಬತ್ತು ವರ್ಷ ಅವಳದು ಹಗಲು ಪಾಳಿ, ಅವನದು ಇರುಳು. ನಾಲ್ಕು ಗುಡ್ಡದಾಚೆ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಅವನಿಗೆ ಸೀನು ಬರುತ್ತಿತ್ತು. ಅವಳಂತೂ ದುರ್ಬೀನು ಹಿಡಿದರೆ ಇರುವೆಯ ಮೀಸೆ ಎಣಿಸುತ್ತಿದ್ದಳು. ಇಂಥ ಜೋಡಿಯ ಸಂಸಾರ ನಡೆದದ್ದು ಏಣಿಯ ನಡುವಿನ ಅಟ್ಟಣಿಗೆಯಲ್ಲಿ, ದಿನಕ್ಕೆ ಎರಡು ನಿಮಿಷ.

"ಊಟ ಮುಚ್ಚಿಟ್ಟಿದ್ದೀನಿ."

"ಉತ್ತರದ ಗಾಳಿ ಜೋರಿದೆ, ನೋಡ್ಕೋ."

ಮಳೆ ಹಿಡಿದು ಕಾವಲು ನಿಂತಾಗ ಇಬ್ಬರೂ ಮನೆಯಲ್ಲಿ ಎದುರುಬದುರು ಕೂತು ಹೊಸ ನೆಂಟರ ಹಾಗೆ ಸಂಕೋಚಪಡುತ್ತಿದ್ದರು. ಒಮ್ಮೆ ಅವನು ನಾಲ್ಕು ದಿನ ಯೋಚಿಸಿ, "ನಿನ್ನ ಕೂದಲು ಯಾವಾಗ ನೆರೆಯಿತು?" ಎಂದು ಕೇಳಿದ್ದ.

ನಿನ್ನೆ ಸಂಜೆ ಆರಕ್ಕೆ ಅವನು ಏಣಿಯ ಬಳಿ ಬರಲಿಲ್ಲ. ಮಲಗಿದ ಗೊರಕೆಮೂಟೆ ಎಂದು ಒಂದು ಗಂಟೆ ಬೈಯುತ್ತ ಕೂತಳು. ಕಡೆಗೆ ಜೇನಿನವನು ಕೆಳಗಿನಿಂದ ಕೂಗಿದ. ಏನು ಕೂಗಿದನೋ ಗಾಳಿಯಲ್ಲಿ ಕೇಳಿಸಲಿಲ್ಲ. ತಲೆಯ ಮೇಲೆ ಕೈ ಹೊತ್ತು ನಿಂತದ್ದು ಕಾಣಿಸಿತು.

*

ಹನ್ನೊಂದರ ಹೊತ್ತಿಗೆ ವೈರ್‌ಲೆಸ್ ಗೊರಗುಟ್ಟಿತು. ಎದುರು ಗುಡ್ಡದವನು.

"ಅಕ್ಕಾ, ನಿಮ್ಮ ಪಶ್ಚಿಮದ ದಾರೀಲಿ ಏನೋ ಏಳ್ತಿದೆ. ಹೊಗೆನಾ?"

ಅವಳು ಆಗಲೇ ಅತ್ತ ನೋಡುತ್ತಿದ್ದಳು. ಊರಿಗೆ ಊರೇ ನಡೆಯುತ್ತಿತ್ತು. ಮುಂದೆ ಅಧ್ಯಕ್ಷರ ಬೋಳು ತಲೆ, ನಡುವೆ ನಾಲ್ವರ ಹೆಗಲ ಮೇಲೆ ಬೆರಳುದ್ದದ ಬಿಳುಪು.

"ಹೊಗೆ ಅಲ್ಲಪ್ಪ, ಧೂಳು. ನಮ್ಮೆಜಮಾನ್ರನ್ನ ಕರ್ಕೊಂಡು ಹೋಗ್ತಿದ್ದಾರೆ."

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು.

"ಸರಿ ಅಕ್ಕ" ಎಂದ. "ಧೂಳು ಅಂತ ಬರ್ಕೋತೀನಿ."

ಬಿಳುಪು ಮರಗಳ ಹಿಂದೆ ಮರೆಯಾಯಿತು. ಕೆಂಧೂಳು ಎಲೆಗಳ ಮೇಲೆ ಇಳಿಯುವವರೆಗೆ ಅವಳು ಕದಲಲಿಲ್ಲ. ಆಮೇಲೆ ದುರ್ಬೀನನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ, ಮುಂದಿನ ಕಣಿವೆಯ ಕಡೆಗೆ ತಿರುಗಿಸಿದಳು.