ಹದಿನೈದು ಸೆಕೆಂಡು ಕಾಯುವ ಕ್ಯಾಮೆರಾ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಗಡಿಯಾರ ರಿಪೇರಿಯ ಮುಳ್ಳಪ್ಪನವರು ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಳ್ಳಲು ತೀರ್ಮಾನಿಸಿದರು. ಮುಳ್ಳಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ನಿಜವಾದ ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಉಳಿದಿರಲಿಲ್ಲ.

ಒತ್ತಾಯ ಇರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ದೂರದೂರಿನ ತಂಗಿ ಫೋನಿನಲ್ಲಿ ಹೇಳಿದ್ದಳು: "ಗೋಡೆ ತುಂಬಾ ನಮ್ಮೋರ ಫೋಟೋ ಹಾಕ್ಸಿದೀನಣ್ಣ. ನೀನೊಬ್ನೇ ಇಲ್ಲ. ಮೊಳೆ ಹೊಡೆಸಿಟ್ಟಿದೀನಿ."

"ಅವನ್ನೆಲ್ಲ ತೆಗೆದೋನು ನಾನೇ ಅಲ್ವೇನೆ? ಎಲ್ಲದರಲ್ಲೂ ಇದೀನಿ ಅನ್ಕೊ."

"ಎರಡರಲ್ಲಿ ನಿನ್ನ ನೆರಳಿದೆ. ನೆರಳಿಗೆ ಯಾರಾದ್ರೂ ಕಟ್ಟು ಹಾಕಿಸ್ತಾರಾ? ಸ್ಟುಡಿಯೋದಲ್ಲಿ ಸಿಕ್ಕಿಬಿದ್ದ ಕಳ್ಳನ ಥರ ಇರೋದೂ ಬೇಡ. ಮನೇಲಿ, ಅಪ್ಪನ ಕುರ್ಚೀಲಿ ಕೂತಿರೋದು ಕಳ್ಸು."

ಆ ಮನೆಯಲ್ಲಿ ಗುಂಡಿ ಒತ್ತಲು ಇನ್ನೊಂದು ಬೆರಳಿರಲಿಲ್ಲ. ಕ್ಯಾಮೆರಾ ತಾನೇ ಕಾದು ತಾನೇ ತೆಗೆಯಬೇಕು. ಮುಳ್ಳಪ್ಪ ಗಡಿಯಾರ ಹಿಡಿದು, ಕ್ಯಾಮೆರಾ ಇಡಬೇಕಾದ ಕಪಾಟಿನಿಂದ ಕುರ್ಚಿಯವರೆಗೆ ನಡೆದು ನೋಡಿದರು. ಎಡ ಮೊಣಕಾಲು ಸಹಕರಿಸಿದರೆ ಹನ್ನೆರಡು ಸೆಕೆಂಡು, ಮುನಿಸಿಕೊಂಡರೆ ಹದಿನಾಲ್ಕು. ನಗುವುದಕ್ಕೊಂದು.

"ಎಷ್ಟು ಮೆಗಾಪಿಕ್ಸೆಲ್ ನೋಡ್ತಿದೀರ ಸರ್?" ಎಂದ ಕ್ಯಾಮೆರಾ ಅಂಗಡಿಯವನು.

"ಎಷ್ಟು ಹೊತ್ತು ಕಾಯತ್ತೆ?"

"ಬ್ಯಾಟರೀನಾ?"

"ಅಲ್ಲಪ್ಪ, ಗುಂಡಿ ಒತ್ತಿದ ಮೇಲೆ."

"ಹತ್ತು ಸೆಕೆಂಡು. ಇಲ್ಲಿರೋ ಎಲ್ಲದರಲ್ಲೂ ಅಷ್ಟೇ."

"ಸಾಲದು."

"ಮನೇಲಿ ಯಾರ ಕೈಲಾದ್ರೂ ಕೊಟ್ರೆ ತೆಗೀತಾರಲ್ಲ ಸರ್?"

ಮುಳ್ಳಪ್ಪ ಬಗ್ಗಿ ಗಾಜಿನ ಪೆಟ್ಟಿಗೆಯ ಕೆಳಸಾಲನ್ನು ಹುಡುಕತೊಡಗಿದರು. ಅಂಗಡಿಯವನು ಮತ್ತೆ ಕೇಳದೆ ಕೆಳಗಿನ ಖಾನೆಯಿಂದ ಹಳೆಯದೊಂದನ್ನು ತೆಗೆದ. ಶೋಕೇಸಿನಲ್ಲಿ ಕೂತು ಕೂತು ಬಣ್ಣ ಮಾಸಿದ್ದು, ಅರ್ಧ ಬೆಲೆಯದ್ದು. ಮೂವತ್ತು ಸೆಕೆಂಡಿನವರೆಗೆ ಎಷ್ಟು ಹೇಳಿದರೆ ಅಷ್ಟು ಕಾಯುತ್ತಿತ್ತು. ನಂಬಿಕೆಗಿರಲಿ ಎಂದು ಮುಳ್ಳಪ್ಪನವರ ಕೈಯನ್ನೇ ತೆಗೆದು ತೋರಿಸಿದ. ಪರದೆಯ ಮೇಲೆ ಎರಡು ಸೆಕೆಂಡು ಕೈ ಮೂಡಿ ಮರೆಯಾಯಿತು.

ಮನೆಗೆ ಬಂದು ಇಸ್ತ್ರಿ ಅಂಗಿ ತೊಟ್ಟರು. ಕಪಾಟಿನ ಮೇಲೆ ಕ್ಯಾಮೆರಾ ಇಟ್ಟು, ಹದಿನೈದಕ್ಕೆ ತಿರುಗಿಸಿ, ಗುಂಡಿ ಒತ್ತಿ ಹೊರಟರು. ಕೆಂಪು ದೀಪ ಮಿಣುಕುತ್ತಿತ್ತು. ಮೊಣಕಾಲು ಅಂದು ಒಳ್ಳೆಯ ಮನಸ್ಸು ಮಾಡಿತು. ಕುರ್ಚಿಯಲ್ಲಿ ಕೂತಾಗ ಇನ್ನೂ ಮೂರು ಸೆಕೆಂಡು ಬಾಕಿ. ತಮ್ಮನ್ನು ಕಾಯುತ್ತ ಯಾವುದೋ ಒಂದು ದೀಪ ಉರಿಯುತ್ತಿರುವುದು ಎಷ್ಟೋ ವರ್ಷದ ಮೇಲೆ ಎನಿಸಿ, ನಗು ತಾನಾಗಿಯೇ ಬಂತು. ಕ್ಲಿಕ್ ಎಂದಿತು.

ಎದ್ದು ಹೋಗಿ ನೋಡಿದರೆ ಪರದೆ ಖಾಲಿ. ಆರು ಸಲ ಕೂತರು, ಆರು ಸಲ ಎದ್ದರು. ಕೊನೆಗೆ ಅಂಗಡಿಗೆ ಫೋನ್ ಮಾಡಿದರು.

"ಕಾರ್ಡ್ ಹಾಕಿದೀರಾ ಸರ್? ಫೋಟೋ ಉಳಿಯೋದು ಅದರಲ್ಲೇ. ಇಲ್ದಿದ್ರೆ ಎರಡು ಸೆಕೆಂಡು ತೋರ್ಸತ್ತೆ, ಆಮೇಲೆ ಹೋಯ್ತು."

"ಒಂದು ತೆಗೆದಿಡಿ, ಈಗಲೇ ಬರ್ತೀನಿ."

"ಅದು ಹಳೇ ಮಾಡೆಲ್ಲು ಸರ್." ಅವನ ದನಿ ಮೆತ್ತಗಾಯಿತು. "ಅದರ ಕಾರ್ಡು ಈಗ ಬರಲ್ಲ."

ಮೂವತ್ತು ವರ್ಷ ಗಿರಾಕಿಗಳಿಗೆ ಮುಳ್ಳಪ್ಪನವರೂ ಇದೇ ಮಾತನ್ನು, ಇದೇ ಮೆತ್ತಗಿನ ದನಿಯಲ್ಲಿ ಹೇಳಿಕೊಂಡು ಬಂದಿದ್ದರು.

ಫೋನಿಟ್ಟು ಅಪ್ಪನ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದರು. ಆರು ಫೋಟೋಗಳೂ ಎದುರಿನ ಕಪಾಟಿನ ಮೇಲೆ ಎರಡೆರಡು ಸೆಕೆಂಡು ಬದುಕಿದ್ದವು. ನೋಡಲು ಅಲ್ಲಿ ಯಾರೂ ಇರಲಿಲ್ಲ. ತಾವೇ ಹೋಗಿ ನೋಡೋಣವೆಂದರೆ, ಮೊಣಕಾಲು ಎಷ್ಟೇ ಸಹಕರಿಸಿದರೂ ಹನ್ನೆರಡು.