ಅಪ್ಪನ ನೊರೆಯಂತ್ರ

ಆ ದಿನ "ಹೂಂ" ಅನ್ನಬಾರದಿತ್ತು ಎಂದು ಅವಳು ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಪೈಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬಚ್ಚಲಿನ ಹೊಸ್ತಿಲಿಗೆ ಆನಿಸಿದ ದಪ್ಪ ಪಿವಿಸಿ ಪೈಪಿನ ಮೇಲೆ ಅಪ್ಪ ಗರಗಸ ಆಡಿಸುತ್ತಿದ್ದ. ಬಿಳಿ ಪುಡಿ ಅವಳ ಪಾದದ ಮೇಲೆ ಉದುರುತ್ತಿತ್ತು.

"ಗೆರೆ ಮೇಲೇ ಇದೀನಾ ಪುಟ್ಟೀ?"

"ಇದೀಯಪ್ಪಾ."

ಅದು ಅಪ್ಪ ಎಳೆದ ಗೆರೆಯಲ್ಲ. ಅಪ್ಪ ಪೆನ್ಸಿಲಿನಲ್ಲಿ ಎಳೆದ ತೆಳು ಗೆರೆ ಮತ್ತೆ ಅವನ ಕಣ್ಣಿಗೆ ಸಿಕ್ಕಿರಲಿಲ್ಲ. ಅವನು ಗರಗಸ ಹುಡುಕಲು ಹೋದಾಗ ಇವಳೇ ಅದರ ಮೇಲೆ ಕಪ್ಪು ಮಾರ್ಕರಿನಿಂದ ಬೆರಳಗಲದ ಪಟ್ಟಿ ಬಳಿದಿದ್ದಳು. ಅಷ್ಟಾದರೂ ಗರಗಸ ಆಚೆ ಈಚೆ ಹೊರಳುತ್ತಿತ್ತು. ಹೊರಳಿದಾಗೆಲ್ಲ ಅವಳು ಸದ್ದಿಲ್ಲದೆ ಪೈಪನ್ನೇ ಸ್ವಲ್ಪ ತಿರುಗಿಸಿ, ಗೆರೆಯನ್ನು ಗರಗಸದ ಕೆಳಗೆ ತಂದಿಡುತ್ತಿದ್ದಳು. ತುಂಡು ಕಳಚಿ ಬಿದ್ದಾಗ ಅಪ್ಪ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನಕ್ಕ.

"ಹೇಗೆ? ಬೆಣ್ಣೆ ಕೊಯ್ದ ಹಾಗೆ ಬಂತಲ್ಲ?"

ಇದೆಲ್ಲ ಶುರುವಾದದ್ದು ಶಾಲೆಗಳಿಗೆ ರಜೆ ಸಿಕ್ಕ ಹೊಸತರಲ್ಲಿ. ಅಪ್ಪ ಶಾಲಾ ಮಕ್ಕಳ ವ್ಯಾನ್ ಓಡಿಸುವವನು. ರಜೆಗೆ ಸ್ವಲ್ಪ ಮುಂಚೆ ವ್ಯಾನಿನ ಮೂತಿಯನ್ನು ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದಿದ್ದ. ಯಾವನೋ ಬೈಕನ್ನು ಅಡ್ಡ ನಿಲ್ಲಿಸಿದ್ದ, ತಪ್ಪಿಸೋಕೆ ಹೋಗಿ ಹಾಗಾಯಿತು ಎಂದು ಎಲ್ಲರಿಗೂ ಹೇಳಿದ. ಪುಣ್ಯಕ್ಕೆ ಮಕ್ಕಳು ಇಳಿದಾಗಿತ್ತು. ರಜೆಯಲ್ಲಿ ಮನೆಯಲ್ಲೇ ಕೂತ ಅಪ್ಪನಿಗೆ ಉಳಿದಿದ್ದ ಜೊತೆಯೆಂದರೆ ಹಜಾರದ ಮೀನಿನ ತೊಟ್ಟಿ. ಅಮ್ಮ ಕಸ ಗುಡಿಸುತ್ತಿದ್ದ ಹಲ್ಲಿನ ಡಾಕ್ಟರ ಕ್ಲಿನಿಕ್ಕು ಮುಚ್ಚಿದಾಗ, ಬೇಕಾದರೆ ಒಯ್ಯಿರಿ ಎಂದು ಅವರು ಕೊಟ್ಟದ್ದು. ಉಪ್ಪುನೀರಿನ ತೊಟ್ಟಿ. ಒಳಗೆ ಕಿತ್ತಳೆ ಬಣ್ಣದ ಎರಡು ಪಟ್ಟೆ ಮೀನು. ದೊಡ್ಡದು ಸಣ್ಣದನ್ನು ಸದಾ ಕುಕ್ಕಿ ಓಡಿಸುತ್ತಿದ್ದುದರಿಂದ ಅಮ್ಮ ಅವಕ್ಕೆ ಗಂಡಹೆಂಡತಿ ಎಂದು ಹೆಸರಿಟ್ಟಿದ್ದಳು. "ಕುಕ್ಕೋದು ಯಾವುದು ಅಂತ ನಾನು ಹೇಳಲ್ಲ" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುವುದಿತ್ತು.

ಒಂದು ಬೆಳಿಗ್ಗೆ ಅಪ್ಪ ಗಾಜಿಗೆ ಮೂಗು ತಾಗಿಸಿ ನಿಂತಿದ್ದ. "ನೀರು ಮಸುಕಾಗಿದೆ ಅಲ್ವೇನೇ? ಹಾಲು ಬೆರೆಸಿದ ಹಾಗೆ."

ನೀರು ತಿಳಿಯಾಗಿತ್ತು. ತಳದ ಮರಳನ್ನು ಕಾಳುಕಾಳಾಗಿ ಆರಿಸಬಹುದಿತ್ತು. ಮೀನಿನ ರೆಕ್ಕೆಯಂಚಿನ ಕಪ್ಪು ನೂಲು ಕೂಡ ಸ್ಪಷ್ಟವಾಗಿತ್ತು. ಆದರೆ ಅಪ್ಪ ಅವಳತ್ತ ತಿರುಗಿದ ರೀತಿ, ಪರೀಕ್ಷೆಯ ಫಲಿತಾಂಶ ಕೇಳುವವನ ಹಾಗೆ ಕುತ್ತಿಗೆ ಮುಂದೆ ಚಾಚಿದ ರೀತಿ ನೋಡಿ, ಅವಳ ಬಾಯಿಂದ ಬಂದದ್ದು ಅದೊಂದೇ. "ಹೂಂ. ಸ್ವಲ್ಪ."

ಅವಳು ಮೊದಲಿಂದಲೂ ಹಾಗೇ. ಬಾಯಿಗೆ ಬೆರಳಿಟ್ಟರೂ ಕಚ್ಚದ ಹುಡುಗಿ ಎಂದು ನೆಂಟರು ಹೊಗಳುತ್ತಿದ್ದರು. ಪದವಿ ಮುಗಿಸಿಕೊಂಡು ಮನೆಗೆ ಬಂದು ಕೂತ ಮೇಲೆ ಅದೇ ಮಾತನ್ನು ದೂರಿನ ಹಾಗೆ ಹೇಳತೊಡಗಿದ್ದರು. ಡೈರಿಯಲ್ಲಿ ಪುಟಗಟ್ಟಲೆ ಮಾತಾಡುವವಳಿಗೆ ಎದುರಿಗೆ ಮನುಷ್ಯರಿದ್ದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ಆ ಒಂದು ಹೂಂಗೆ ಅಪ್ಪ ಎದ್ದು ಕೂತ. ತೊಟ್ಟಿಯ ನೀರು ಸೋಸುವ ಸ್ಪಂಜು ತೊಳೆದ, ನೀರು ಬದಲಿಸಿದ, ಹೊಸ ಉಪ್ಪು ಕಲಸಿದ. ಮಸುಕು ಹೋಗಲಿಲ್ಲ. ಆಮೇಲೆ ಮೊಬೈಲನ್ನು ಕಿವಿಗೆ ಹಿಡಿದು ಒಂದಾದ ಮೇಲೊಂದು ವಿಡಿಯೊ ಕೇಳಿದ. ನೋಡಲಿಲ್ಲ, ಕೇಳಿದ. ಕೊನೆಗೆ ಸಿಕ್ಕಿತು: ಪ್ರೋಟೀನ್ ಸ್ಕಿಮ್ಮರ್.

"ಮೀನಿನ ಕೊಳೆ ನೀರಲ್ಲಿ ಕರಗಿರತ್ತೆ, ಸ್ಪಂಜಿಗೆ ಸಿಗಲ್ಲ" ಎಂದು ಅವನು ಊಟದ ತಟ್ಟೆಯ ಮುಂದೆ ಪಾಠ ಮಾಡಿದ. "ಉದ್ದ ಪೈಪು ನೆಟ್ಟಗೆ ನಿಲ್ಲಿಸಿ ತಳದಿಂದ ಸಣ್ಣಸಣ್ಣ ಗಾಳಿಗುಳ್ಳೆ ಬಿಡಬೇಕು. ಕೊಳೆ ಗುಳ್ಳೆಗೆ ಅಂಟ್ಕೊಂಡು ನೊರೆಯಾಗಿ ಮೇಲೆ ಬಂದು ಬಟ್ಟಲಿಗೆ ಬೀಳತ್ತೆ. ಬಟ್ಟಲು ಚೆಲ್ಲಿದರಾಯ್ತು."

"ಏನಂದ್ರಿ ಹೆಸರು? ಸ್ಕೀಮಾ?"

"ಸ್ಕಿಮ್ಮರು ಕಣೇ."

"ನಿಮ್ಮ ಎಷ್ಟು ಸ್ಕೀಮು ನೋಡಿಲ್ಲ ನಾನು" ಎಂದಳು ಅಮ್ಮ, ಅನ್ನದ ಪಾತ್ರೆಯನ್ನು ಅಪ್ಪನ ಕೈಗೆ ತಾಗುವಷ್ಟು ಹತ್ತಿರ ಸರಿಸುತ್ತ. ಅಮ್ಮನೂ ಈಚೆಗೆ ಎಲ್ಲವನ್ನೂ ಅಪ್ಪನ ಕೈಗೆ ತಾಗುವಂತೆಯೇ ಇಡುತ್ತಿದ್ದುದನ್ನು ಅವಳು ಆಗ ಗಮನಿಸಿದಳು. ಇಬ್ಬರ ಕಣ್ಣೂ ಕೂಡಿದವು. ಇಬ್ಬರೂ ತಟ್ಟೆ ನೋಡಿಕೊಂಡರು.

ಪೈಪಿಗೆ ತೂತು ಕೊರೆಯುವ ದಿನ ಡ್ರಿಲ್ಲು ಗುರುತಿನಿಂದ ಎರಡು ಬೆರಳು ಆಚೆ ಕೂತು ಪೈಪು ಸೀಳಿತು. ಅಪ್ಪ ಸ್ನಾನಕ್ಕೆ ಹೋದಾಗ ಅವಳು ಉಳಿದ ಪೈಪಿನಲ್ಲಿ ಇನ್ನೊಂದು ತುಂಡು ಕತ್ತರಿಸಿ, ಉಸಿರು ಬಿಗಿಹಿಡಿದು ಸರಿಯಾದ ಕಡೆ ಕೊರೆದು, ಹಳೆಯದನ್ನು ಮಂಚದ ಕೆಳಗೆ ತಳ್ಳಿದಳು. ಒದ್ದೆ ತಲೆಯಲ್ಲೇ ಬಂದ ಅಪ್ಪ, ನೀರು ಹೊರಬಿಡುವ ಸಣ್ಣ ನಲ್ಲಿಯನ್ನು ತೂತಿಗೆ ತಿರುಗಿಸಿ ನೋಡಿದ. ಕೂತಿತು. "ಸೀಳಿದ ಸದ್ದು ಬಂದ ಹಾಗಿತ್ತು. ನನ್ನ ಭ್ರಮೆ" ಎಂದ.

ಬುಡಮೇಲು ಮಾಡಿದ ನೀರಿನ ಬಾಟಲಿಯ ಕೊರಳು ನೊರೆ ಏರುವ ದಾರಿಯಾಯಿತು, ಉಪ್ಪಿನಕಾಯಿ ಡಬ್ಬಿ ಬಟ್ಟಲಾಯಿತು. ಮೊದಮೊದಲು ಬರೀ ನೀರುನೀರಾದ ಬಿಳಿ ನೊರೆ ಉಕ್ಕಿ ನೆಲವೆಲ್ಲ ಉಪ್ಪಾಯಿತು. ಅಪ್ಪ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಸದ್ದಿಗೆ ಕಿವಿಗೊಡುವುದು, ಮತ್ತೆ ತಿರುಗಿಸುವುದು. ಕೆಲವು ದಿನ ಕಳೆದ ಮೇಲೆ ಡಬ್ಬಿಯ ತಳದಲ್ಲಿ ಕಂದು ಗಸಿ ನಿಂತಿತು. ಅಪ್ಪ ಡಬ್ಬಿ ಬಿಚ್ಚಿ ಮೂಸಿ ಕುಣಿದೇಬಿಟ್ಟ. "ಥೂ, ಏನು ನಾತ! ನೋಡೇ, ಕೆಲಸ ಮಾಡ್ತಿದೆ!" ನಾತಕ್ಕೆ ಅಷ್ಟು ಸಂತೋಷಪಟ್ಟವರನ್ನು ಅವಳು ಕಂಡಿರಲಿಲ್ಲ.

ಆಮೇಲೆ ಅವನು ತೊಟ್ಟಿಯ ಕಡೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎರಡು ಕೈಯಿಂದಲೂ ಗಾಜು ಒರೆಸಿದ.

"ನಿನಗೆ ಹೇಗೆ ಕಾಣತ್ತೆ?"

"ತಿಳಿಯಾಗಿದೆ."

"ಹೌದು. ನನಗೂ" ಎಂದು ಅಪ್ಪ ಗೋಡೆಯ ಕಡೆ ಮುಖ ಮಾಡಿ ಹೇಳಿದ.

ಮರುದಿನ ಶಾಲೆ ಶುರು ಎನ್ನುವ ಸಂಜೆ ವ್ಯಾನಿನ ಮಾಲೀಕ ಬಂದ. ಅಪ್ಪನಿಗಿಂತ ಚಿಕ್ಕವನು, ಬಾಯಿತುಂಬ ಅಣ್ಣಾ ಎನ್ನುವವನು. ಅವನ ಸ್ಕೂಟರಿನ ಸದ್ದು ಕೇಳಿ ಅಡುಗೆಮನೆಯಲ್ಲಿ ಅಮ್ಮ ಅವಳ ಮೊಣಕೈ ಹಿಡಿದಳು.

"ಏನೂ ಬಾಯಿ ಬಿಡಬೇಡ. ಆ ದಾರಿ ಅವರಿಗೆ ಬಾಯಿಪಾಠ. ಕಣ್ಣು ಕಟ್ಟಿ ಬಿಟ್ಟರೂ ಓಡಿಸ್ತಾರೆ. ಆ ವ್ಯಾನೂ ಹೋದರೆ ಮನುಷ್ಯ ಉಳಿಯಲ್ಲ ಕಣೇ."

ದಾರಿ ಬಾಯಿಪಾಠ ಇರಬಹುದು, ದಾರಿಗೆ ಅಡ್ಡ ಓಡಿಬರುವ ಮಕ್ಕಳು? ಅವಳಿಗೆ ಕೇಳಬೇಕೆನಿಸಿತು. ಟೀ ತಟ್ಟೆ ಎತ್ತಿಕೊಂಡು ಹೊರಗೆ ಬಂದು ಲೋಟಗಳನ್ನು ಮೇಜಿನ ಮೇಲಿಟ್ಟಳು.

ಮಾಲೀಕ ತೊಟ್ಟಿಯ ಪಕ್ಕದಲ್ಲಿ ನಿಂತು ಪೈಪನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. "ಇದನ್ನ ನೀವೇ ಮಾಡಿದ್ರಾ ಅಣ್ಣಾ? ಕೂದಲು ತೂರೋಷ್ಟು ಸಂದಿಲ್ಲವಲ್ಲ!"

"ಮತ್ತೆ ಎದುರುಮನೆಯವನು ಮಾಡಿಕೊಡ್ತಾನಾ?"

"ಸತ್ಯ ಹೇಳ್ತೀನಿ, ಬೇಜಾರಾಗಬೇಡಿ. ಆ ಕಂಬಕ್ಕೆ ಉಜ್ಜಿದ್ರಲ್ಲ, ಅವತ್ತಿಂದ ನಿಮ್ಮ ಕಣ್ಣಿನ ಬಗ್ಗೆ ನನಗೊಂದು ಅನುಮಾನ. ಕೇಳೋಣ ಅಂತಲೇ ಬಂದೆ. ಇದನ್ನ ನೋಡಿದ ಮೇಲೆ ಏನು ಕೇಳೋದು?" ಅವನು ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟ. "ಈ ಸಲ ಪುಟಾಣಿಗಳು ಜಾಸ್ತಿ ಅಣ್ಣಾ. ಚಪ್ಪಲಿ ಬಿತ್ತು, ಡಬ್ಬಿ ಬಿತ್ತು ಅಂತ ಗಾಡಿ ಕೆಳಗೇ ನುಗ್ತವೆ. ಅದಕ್ಕೇ ಹೊಸಬನಿಗೆ ಕೊಡೋಕೆ ಮನಸ್ಸಿಲ್ಲ."

"ನಾನಿದೀನಲ್ಲ" ಎಂದ ಅಪ್ಪ. ಎಷ್ಟೋ ದಿನಗಳ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು. ಬಾಗಿಲಲ್ಲಿ ನಿಂತ ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅಪ್ಪ ಬೀಗದಕೈಗೆ ಕೈ ಚಾಚಿದ. ಅದು ಟೀ ಲೋಟದ ಈಚೆಗಿತ್ತು. ಕೈ ಆಚೆಗೆ ಹೋಯಿತು. ಮೇಜಿನ ಮೇಲೆ ಕೂತ ಅಂಗೈ, ಮರದ ನುಣುಪು ನೋಡುವ ನೆಪದಲ್ಲಿ ಮೆಲ್ಲಗೆ ಸವರತೊಡಗಿತು. ಬಾಯಲ್ಲಿ ಮಾತು ನಡೆದೇ ಇತ್ತು: ಟೈರಿಗೆ ಗಾಳಿ ಹಾಕಿಸಬೇಕು, ಹಿಂದಿನ ಬಾಗಿಲ ಚಿಲಕ ಸಡಿಲ. ಅವಳ ಬೆರಳು ತಾನಾಗಿ ಬೀಗದಕೈಯ ಮೇಲೆ ಹೋಗಿ ಕೂತಿತ್ತು. ಒಂದು ಗೇಣು ಸರಿಸಿದರೆ ಸಾಕು, ಅಪ್ಪನ ಕೈಗೆ ಸಿಗುತ್ತಿತ್ತು. ಅಮ್ಮ ಬಾಗಿಲಿನಿಂದ ಕಣ್ಣಲ್ಲೇ ಸರಿಸು ಎಂದಳು.

ಅವಳು ಬೆರಳು ತೆಗೆದಳು.

"ಅಪ್ಪನಿಗೆ ಕಣ್ಣು ಕಾಣಿಸಲ್ಲ" ಎಂದಳು. ಅವಳಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂದಿತ್ತು ದನಿ.

ಪೈಪಿನೊಳಗೆ ಗುಳ್ಳೆಗಳು ಗುರುಗುಡುತ್ತ ಏರುತ್ತಿದ್ದವು. ಅಪ್ಪನ ಅಂಗೈ ಲೋಟದ ಆಚೆ, ಇದ್ದಲ್ಲೇ ನಿಂತಿತ್ತು.