ಕಲೆಕ್ಟರ್ ಸಾಹೇಬರ ಕುರ್ಚಿ

2014ರಲ್ಲಿ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ತಮ್ಮ ಅಜ್ಜನ ಕಾಲದ ಅತಿಥಿಗೃಹದ ಕೋಣೆಯೊಂದನ್ನು ದುರಸ್ತಿ ಮಾಡಿಸಿ, ಅದರ ಇತಿಹಾಸ ಬರೆಯಲು ನನ್ನನ್ನು ಕರೆದರು. ಇಪ್ಪತ್ತಾರು ವರ್ಷ ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಯಾರಾದರೂ ಕೇಳಿದರೆ ಸಾಕು, ಉಬ್ಬಿಹೋಗುತ್ತೇನೆ. ತೇಗದ ಮಂಚ, ಬಣ್ಣದ ಗಾಜಿನ ಕಿಟಕಿ ಎರಡೇ ಸಾಲಿನಲ್ಲಿ ಮುಗಿದವು. ಮೂಲೆಯ ಕುರ್ಚಿಗೆ ಮಾತ್ರ ಒಂದು ಇಡೀ ಫಲಕ ಬರೆದೆ: 'ಇಲ್ಲಿ ತಂಗುತ್ತಿದ್ದ ಬ್ರಿಟಿಷ್ ಕಲೆಕ್ಟರ್ ಸಾಹೇಬರ ಕುರ್ಚಿ. ಬಲಗೈ ಹಿಡಿಯ ಮೇಲಿನ ಕಚ್ಚುಗಳು ಅವರ ಖಡ್ಗ ತಾಗಿ ಬಿದ್ದವು.'

ಉದ್ಘಾಟನೆಯ ದಿನ, ನಾನು ಬರೆಯುವಾಗ ಅಲ್ಲೇ ಸಾಮಾನು ಹೊಂದಿಸುತ್ತಿದ್ದ ಬಡಗಿ ದಸ್ತಗೀರ ಫಲಕ ಓದಿ ಬಾಯಿಗೆ ಟವೆಲ್ ಒತ್ತಿಕೊಂಡ. ಅವನು ನನ್ನ ಹಳೆಯ ವಿದ್ಯಾರ್ಥಿ.

"ಸರ, ಇದು ನಮ್ಮ ಸಾಲಿ ಕುರ್ಚಿರಿ. ಲಿಲಾವದಾಗ ತಗೊಂಡು, ಪಾಲಿಶ್ ಹೊಡದು ಇಲ್ಲಿಗಿ ಕೊಟ್ಟೀನಿ. ನಾವು ಗದ್ದಲ ಮಾಡಿದ್ರ ನೀವು ಇದರ ಹಿಡಿ ಮ್ಯಾಲೇ ಛಡಿಲೆ ಹೊಡೀತಿದ್ರಲ್ರಿ?"

"ಮತ್ತ ಬರಿಯೂಮುಂದ ಯಾಕ ಹೇಳಲಿಲ್ಲೋ?" ಎಂದು ರೇಗಿದೆ.

"ನೀವು ಪಾಠ ಹೇಳೂಮುಂದ ನಡುವ ಬಾಯಿ ಹಾಕಿದ್ರ..." ಎಂದವನು ಅಲ್ಲಿಗೇ ನಿಲ್ಲಿಸಿ, ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.